ಗಂಟೆ ತುಂಬಿಸಿದ ಕೈ

ಜನವರಿ 9

ಅಂಗಡಿಗೆ ಹೊಸ ಆರ್ಡರ್ ಪುಸ್ತಕ ಬಂತು. ಹಳೆಯದರಲ್ಲಿ ಇನ್ನೂ ಅರ್ಧದಷ್ಟು ಹಾಳೆ ಉಳಿದಿದೆ. ಎಸೆಯಲು ಮನಸ್ಸಾಗದೆ ಅದರಲ್ಲೇ ಬರೆಯಲು ಕೂತಿದ್ದೇನೆ. ಎಡಪುಟದಲ್ಲಿ ಯಾರದೋ ಸೊಂಟದ ಅಳತೆ, ಬಲಪುಟದಲ್ಲಿ ನನ್ನ ಮನೆಯ ಮಾತು. ಓದುವವರು ಯಾರೂ ಇಲ್ಲವಾದ್ದರಿಂದ ಸೊಂಟದವರಿಗೂ ನನಗೂ ಜಗಳವಿಲ್ಲ.

ಇವತ್ತು ಆಸ್ಪತ್ರೆಯಲ್ಲಿ ಅಕ್ಕನ ಬಲ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ಕಳಿಸಿದರು. ಕಪ್ಪು ರಬ್ಬರು, ನಡುವೆ ಕೋಟಿನ ಗುಂಡಿಯಷ್ಟು ಅಗಲದ ಮುಖ. ಕೈ ಎಷ್ಟು ಆಡಿತು, ಎಷ್ಟು ಹೊತ್ತು ಸುಮ್ಮನಿತ್ತು, ನಿದ್ದೆಯಲ್ಲಿ ಎಷ್ಟು ಸಲ ಹೊರಳಿತು, ಎಲ್ಲವನ್ನೂ ಅದು ನನ್ನ ಫೋನಿಗೆ ಹೇಳುತ್ತದಂತೆ, ಫೋನು ಆಸ್ಪತ್ರೆಗೆ ಹೇಳುತ್ತದಂತೆ. ಚಾಡಿ ಹೇಳುವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಮ್ಮ ನೆಂಟರಲ್ಲೂ ನಾನು ಕಂಡಿಲ್ಲ. ಇದರ ಜೊತೆಗೆ ದಿನಾ ಬೆಳಿಗ್ಗೆ ಫೋನು ಎರಡು ಪ್ರಶ್ನೆ ಕೇಳುತ್ತದೆ. ಎದ್ದ ಮೇಲೆ ಬೆರಳುಗಳ ಬಿಗಿತ ಎಷ್ಟು ಹೊತ್ತು ಇತ್ತು? ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಅಕ್ಕ ಹೇಳಬೇಕು, ನಾನು ಒತ್ತಬೇಕು.

ಪಟ್ಟಿ ಕಟ್ಟಿದ ನರ್ಸಮ್ಮ ಎರಡೆರಡು ಸಲ ಬಿಡಿಸಿ ಹೇಳಿದರು. ಎಂಟು ವಾರ ಕಳೆದ ಮೇಲೆ ಡಾಕ್ಟರು ಇದನ್ನೆಲ್ಲ ನೋಡಿ, ಮಾತ್ರೆ ನಾಟದವರಿಗೆ ಹೊಸ ಇಂಜೆಕ್ಷನ್ ಶುರು ಮಾಡುತ್ತಾರೆ. ಅದು ಇರುವುದು ಕೆಲವರಿಗಾಗುವಷ್ಟೇ. ಹಗಲು ಹತ್ತು ಗಂಟೆ ಪಟ್ಟಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಿಚ್ಚಿಸಿಕೊಂಡು ಸಾಲಿನಲ್ಲಿ ಕಾಯುತ್ತಿರುವ ಮುಂದಿನವರಿಗೆ ಕೊಟ್ಟುಬಿಡುತ್ತಾರೆ.

ನಮಗೆ ಆ ಇಂಜೆಕ್ಷನ್ ಬೇಕೇ ಬೇಕು. ನಮ್ಮ ಹೊಲಿಗೆ ಅಂಗಡಿಯಲ್ಲಿ ಯಂತ್ರ ನನ್ನದು, ಕೈ ಅಕ್ಕನದು. ಬಟ್ಟೆ ಕತ್ತರಿಸುವವಳು ಅವಳು. ಕೋಟಿಗೆ ಕಾಜ ಕಟ್ಟುವವಳೂ ಅವಳು; ಗುಂಡಿ ತೂರುವ ಕಂಡಿಯ ಸುತ್ತ ಸೂಜಿಯಲ್ಲಿ ಒಂದೊಂದೇ ಹೊಲಿಗೆ ಹಾಕಿ ಇರುವೆಸಾಲಿನ ಹಾಗೆ ಕೂರಿಸುತ್ತಾಳೆ. ದೂರದಿಂದ ಜನ ಬರುವುದು ಆ ಕಾಜ ನೋಡಿಯೇ, ನನ್ನ ಮುಖ ನೋಡಿ ಯಾರೂ ಬರುವುದಿಲ್ಲ. ಅಮ್ಮ ಹೋದಾಗ ನನಗೆ ಹನ್ನೊಂದು, ಅಕ್ಕನಿಗೆ ಹದಿನೆಂಟು. ಅಲ್ಲಿಂದಾಚೆಗೆ ನನಗೆ ಉಣ್ಣಿಸಿದ್ದು, ಹೊಡೆದದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದು ಎಲ್ಲ ಆ ಕೈಯೇ. ಊರಿನವರ ಮದುವೆಯ ಬಟ್ಟೆ ಹೊಲಿಯುವುದರಲ್ಲೇ ನಮ್ಮಿಬ್ಬರ ಮದುವೆಯ ವಯಸ್ಸೂ ಕಳೆಯಿತು. ನನಗೀಗ ಐವತ್ತನಾಲ್ಕು. ಅವಳು ಈ ತಮ್ಮನನ್ನು ಇನ್ನೂ ‘ಮರಿ’ ಎಂದೇ ಕರೆಯುತ್ತಾಳೆ, ಗಿರಾಕಿಗಳ ಎದುರಿಗೂ.

ಎರಡು ವರ್ಷದಿಂದ ಸಂಧಿವಾತ. ಕಾಜದ ಕೆಲಸ ಮೊದಲಿನ ಕಾಲುಭಾಗಕ್ಕೆ ಬಂದಿದೆ.

ಜನವರಿ 13

ನಾಲ್ಕು ದಿನದಿಂದ ಒಂದೇ ಉತ್ತರ. ನೋವು ಎಷ್ಟು ಎಂದರೆ ಎರಡು. ಬಿಗಿತ ಎಷ್ಟು ಹೊತ್ತು ಎಂದರೆ ‘ಇತ್ತು, ಹೋಯ್ತು’. ಫೋನಿನಲ್ಲಿ ಇತ್ತು-ಹೋಯ್ತು ಎಂಬ ಗುಂಡಿ ಇಲ್ಲ. ಹತ್ತು ನಿಮಿಷ ಎಂದು ಒತ್ತುತ್ತಿದ್ದೇನೆ.

ಎರಡಕ್ಕೆ ಯಾರೂ ಇಂಜೆಕ್ಷನ್ ಕೊಡುವುದಿಲ್ಲ ಎಂದು ರೇಗಿದೆ. ಹತ್ತು ಎಂದರೆ ಕೈ ಯಂತ್ರಕ್ಕೆ ಸಿಕ್ಕಿ ಹೋದವರದ್ದು, ಏಳೆಂಟು ಹೆರಿಗೆಯವರದ್ದು, ಅವರ ಪಾಲು ತನಗೆ ಬೇಡ ಎಂದಳು. ನೋವನ್ನೂ ಸಾಲಿನಲ್ಲಿ ನಿಂತು ಪಡೆಯಬೇಕು ಎಂದುಕೊಂಡಿದ್ದಾಳೆ. ಇವಳ ಹಟದ ಮುಂದೆ ಗೋಡೆಯೇ ಮೆದು.

ಜನವರಿ 21

ಆಸ್ಪತ್ರೆಯಿಂದ ಫೋನಿಗೆ ಸಂದೇಶ. ಕಳೆದ ವಾರ ದಿನಕ್ಕೆ ಸರಾಸರಿ ಆರು ಗಂಟೆ ಮಾತ್ರ ಪಟ್ಟಿ ಧರಿಸಿದ್ದೀರಿ, ಹೀಗೇ ಮುಂದುವರಿದರೆ ಪಟ್ಟಿಯನ್ನು ಹಿಂದಿರುಗಿಸಬೇಕಾಗುತ್ತದೆ ಎಂದು.

ಓಡಿಹೋಗಿ ನೋಡಿದರೆ ಅಕ್ಕನ ಕೈ ಬರಿದು. ಪಟ್ಟಿ ಸೀಮೆಸುಣ್ಣದ ಡಬ್ಬಿಯೊಳಗಿತ್ತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮಣಿಕಟ್ಟು ಊದಿ ಪಟ್ಟಿ ಕಚ್ಚುತ್ತದಂತೆ, ಬಿಚ್ಚಿಡುತ್ತಾಳಂತೆ. ಇಷ್ಟು ದಿನ ನಾನು ಎದುರಿಗೇ ಕೂತು ಯಂತ್ರ ತುಳಿಯುತ್ತಿದ್ದೇನೆ, ನನಗೆ ಕಂಡಿಲ್ಲ. ಸಡಿಲ ಮಾಡಿಕೋ ಎಂದೆ. ಸಡಿಲ ಮಾಡಿದರೆ ಅದು ಚರ್ಮಕ್ಕೆ ತಾಗದೆ ಕೆಂಪು ದೀಪ ಹಾಕಿ ಅರಚುತ್ತದೆ.

ಸಿಟ್ಟಿನಲ್ಲಿ ಏನೇನೋ ಅಂದೆ. ಅಕ್ಕ ತಲೆ ಎತ್ತದೆ ಬಟ್ಟೆಗೆ ಗೆರೆ ಎಳೆಯುತ್ತಿದ್ದಳು. ಕೊನೆಗೆ, “ಆಯ್ತು ಮರಿ, ನಾಳೆಯಿಂದ ಹಾಕ್ಕೋತೀನಿ” ಎಂದಳು.

ಜನವರಿ 22

ಮಧ್ಯಾಹ್ನ ಅವಳು ಪಟ್ಟಿ ಬಿಚ್ಚಲಿಲ್ಲ. ಮೂರು ಗಂಟೆಗೆ ಬೆರಳುಗಳು ನೀಲಿಯಾಗಿದ್ದವು. ನಾನೇ ಬಿಚ್ಚಿದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ತಂದ ಬಟ್ಟೆ ನಾಲ್ಕು ಬೆರಳು ಸಾಲದೆ ಬಂದರೆ ಅವನನ್ನು ವಾಪಸು ಕಳಿಸುವುದಿಲ್ಲ. ಕಾಲರಿನ ಒಳಮಗ್ಗುಲಿಗೋ ಜೇಬಿನ ಹಿಂದಕ್ಕೋ ಅದೇ ಬಣ್ಣದ ಬೇರೆ ತುಂಡು ಸೇರಿಸುತ್ತೇವೆ. ಹೊರಗಿನಿಂದ ಕಾಣುವುದಿಲ್ಲ, ಕೋಟು ಕೋಟೇ. ಅದನ್ನು ಮೋಸ ಎಂದು ಯಾರೂ ಅಂದದ್ದಿಲ್ಲ, ಕೈಚಳಕ ಎಂದೇ ಅಂದದ್ದು.

ಇಲ್ಲೂ ದಿನಕ್ಕೆ ನಾಲ್ಕು ಗಂಟೆ ಸಾಲದೆ ಬಂದಿದೆ. ಅಕ್ಕ ಒಳಗೆ ಮಲಗಿದ್ದಾಗ ಪಟ್ಟಿಯನ್ನು ನನ್ನ ಕೈಗೆ ಕಟ್ಟಿಕೊಂಡು ಯಂತ್ರದ ಮುಂದೆ ಕೂತೆ. ಹಸಿರು ದೀಪ ಹತ್ತಿತು. ಯಾರ ಕೈ ಎಂದು ಅದು ಕೇಳಲಿಲ್ಲ. ಅವಳು ಏಳುವ ಹೊತ್ತಿಗೆ ಮತ್ತೆ ಡಬ್ಬಿಯಲ್ಲಿಟ್ಟೆ. ಊತ ಇಳಿಯಲಿ, ಇನ್ನು ದಿನಾ ಎರಡರಿಂದ ಆರರವರೆಗೆ ಪಟ್ಟಿ ಬಿಚ್ಚಿಟ್ಟು ಒಳಗೇ ಇರು ಎಂದು ಅವಳಿಗೆ ಹೇಳಿದೆ, ಒಪ್ಪಿದಳು.

ಫೆಬ್ರವರಿ 2

ಫೋನಿನಲ್ಲಿ ವಾರಪೂರ್ತಿ ಹಸಿರು. ‘ಅಭಿನಂದನೆಗಳು’ ಎಂದು ಬಂದಿತ್ತು. ಖುಷಿಯಾಗಿ ಚಹಾ ನಾನೇ ಮಾಡಿದೆ.

ಎದುರು ಅಂಗಡಿಯ ಗಡಿಯಾರ ರಿಪೇರಿಯವರನ್ನು ಬೀದಿಯೆಲ್ಲ ಮುಳ್ಳಣ್ಣ ಎಂದು ಕರೆಯುತ್ತದೆ. ಗಡಿಯಾರದ ಮುಳ್ಳು ಕೂರಿಸುತ್ತಾರೆಂದು ಅರ್ಧ, ಮಾತು ಚುಚ್ಚುತ್ತದೆಂದು ಅರ್ಧ. ಪ್ಯಾಂಟು ಒಯ್ಯಲು ಬಂದವರು ನನ್ನ ಮಣಿಕಟ್ಟು ನೋಡಿಯೇ ಬಿಟ್ಟರು. “ಏನು, ನಿಮಗೂ ಬಂತಾ? ಅಥವಾ ಅಕ್ಕನ ನೋವಲ್ಲಿ ಪಾಲು ಬೇಕಾಯ್ತಾ?” ಎಂದರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ಚಾರ್ಜ್ ಆಗಿದೆಯೋ ನೋಡುತ್ತಿದ್ದೆ ಎಂದೆ. ಚಾರ್ಜ್ ನೋಡುವುದಕ್ಕೆ ಕೈಗೆ ಕಟ್ಟಿಕೊಳ್ಳುವವರನ್ನು ಅವರು ತಮ್ಮ ನಲವತ್ತು ವರ್ಷದ ಗಡಿಯಾರದ ಬಾಳಿನಲ್ಲಿ ಕಂಡಿರಲಿಕ್ಕಿಲ್ಲ. ಆದರೂ ಸುಮ್ಮನೆ ಹೋದರು.

ನೋವು: ಎರಡು.

ಫೆಬ್ರವರಿ 12

ಅಕ್ಕ ನಲ್ಲಿಯನ್ನು ಮೊಣಕೈಯಿಂದ ತಿರುಗಿಸುತ್ತಾಳೆ. ಯಾವಾಗಿನಿಂದ ಎಂದು ಕೇಳಿದೆ. ಹೋದ ವರ್ಷದಿಂದ ಎಂದಳು.

ಫೆಬ್ರವರಿ 19

ಒಬ್ಬ ವಕೀಲರ ಕೋಟು. ನಾಲ್ಕು ಕಾಜ. ಅಕ್ಕ ಬೆಳಿಗ್ಗೆ ಹನ್ನೊಂದಕ್ಕೆ ಕೂತವಳು ಒಂದು ಕಾಜ ಮುಗಿಸಿದ್ದು ಊಟದ ಹೊತ್ತಿಗೆ. ಸೂಜಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿಯಲಾಗದೆ ತೋರುಬೆರಳು ನಡುಬೆರಳ ಸಂದಿಯಲ್ಲಿ ಹಿಡಿದು, ಹಲ್ಲಿನಿಂದ ಎಳೆಯುತ್ತಿದ್ದಳು. ನಾನು ನೋಡಿದ್ದು ಗೊತ್ತಾದಾಗ ಕಿಟಕಿಯ ಕಡೆ ತಿರುಗಿ ಕೂತಳು.

ಉಳಿದ ಮೂರನ್ನು ಯಂತ್ರದಲ್ಲಿ ಹಾಕುತ್ತೇನೆ ಎಂದೆ. “ಒಂದೇ ಕೋಟಲ್ಲಿ ಒಂದು ಕಣ್ಣು ಅಕ್ಕನದು, ಮೂರು ಕಣ್ಣು ತಮ್ಮನದ್ದಾ? ವಕೀಲ್ರು ಕೋರ್ಟಲ್ಲಿ ಮೆಳ್ಳೆಗಣ್ಣು ಬಿಟ್ಕೊಂಡು ನಿಲ್ತಾರೆ ಅಷ್ಟೆ” ಎಂದು ನಕ್ಕಳು. ಇಬ್ಬರೂ ನಕ್ಕೆವು.

ಮಧ್ಯಾಹ್ನ ನಾನು ಪಟ್ಟಿ ಕಟ್ಟಿಕೊಂಡು ಐದು ಪ್ಯಾಂಟು ಹೊಲಿದೆ.

ಮಾರ್ಚ್ 6

ಎಂಟು ವಾರ ಆಯಿತು. ಡಾಕ್ಟರ ಕೋಣೆ.

ಡಾಕ್ಟರು ಅಕ್ಕನಿಗಿಂತ ಚಿಕ್ಕವರು, ಒಳ್ಳೆಯ ಹೆಂಗಸು, ಮಾತಾಡುವ ಮುಂಚೆ ಅಕ್ಕನ ಎರಡೂ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಒಂದೊಂದೇ ಗಂಟು ಒತ್ತಿ ನೋವಾ ಎಂದು ಕೇಳಿದರು. ಅಕ್ಕ ಎಲ್ಲಕ್ಕೂ ಅಷ್ಟೇನಿಲ್ಲ ಎಂದಳು. ಅವಳು ಬೆಳಿಗ್ಗೆ ಎರಡು ನೋವಿನ ಮಾತ್ರೆ ಹೆಚ್ಚಾಗಿ ನುಂಗಿದ್ದನ್ನು ನಾನು ನೋಡಿದ್ದೆ.

ಆಮೇಲೆ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ದಿನದ ಗೆರೆ. ಬೆಳಿಗ್ಗೆ ತಗ್ಗು. ಮಧ್ಯಾಹ್ನ ಎರಡರಿಂದ ಆರರವರೆಗೆ ಗುಡ್ಡ. ದಿನದಿನವೂ ಅದೇ ಗುಡ್ಡ, ವಾರದಿಂದ ವಾರಕ್ಕೆ ಇನ್ನಷ್ಟು ಎತ್ತರ. ರಕ್ತಪರೀಕ್ಷೆ ಊತ ಇದೆ ಎನ್ನುತ್ತದೆ, ಪಟ್ಟಿ ಕೈ ಚೆನ್ನಾಗಿ ಆಡುತ್ತಿದೆ ಎನ್ನುತ್ತದೆ ಎಂದು ಡಾಕ್ಟರು ಎರಡನ್ನೂ ಮತ್ತೊಮ್ಮೆ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ಮನೇಲಿ ನೋಡೋರು ನೀವು. ಮಧ್ಯಾಹ್ನ ಇವರ ಕೈ ಇಷ್ಟು ಕೆಲಸ ಮಾಡುತ್ತಾ?”

“ಮಾಡುತ್ತೆ” ಎಂದೆ.

ಇನ್ನು ಮೂರು ತಿಂಗಳು ಮಾತ್ರೆಯಲ್ಲೇ ಮುಂದುವರಿಯಲಿ, ಹೆಚ್ಚು ಕಷ್ಟದಲ್ಲಿರುವವರಿಗೆ ಇಂಜೆಕ್ಷನ್ ಹೋಗಲಿ ಎಂದು ಬರೆದರು. ಹೊರಗೆ ನರ್ಸಮ್ಮ ಪಟ್ಟಿ ಬಿಚ್ಚಿಸಿಕೊಂಡು, ಇಷ್ಟು ಶಿಸ್ತಾಗಿ ಹಾಕಿಕೊಂಡವರು ಇನ್ನೊಬ್ಬರಿಲ್ಲ ಎಂದು ಅಕ್ಕನ ಬೆನ್ನು ತಟ್ಟಿದರು. ಅಕ್ಕ ನನ್ನ ಮುಖ ನೋಡಿದಳು.

ಮಾರ್ಚ್ 7

ಏನೂ ಬರೆಯುವುದಿಲ್ಲ.

ಮಾರ್ಚ್ 11

ಡಾಕ್ಟರು ಕೇಳಿದ್ದು ಕೈ ಕೆಲಸ ಮಾಡುತ್ತಾ ಎಂದು. ಮಾಡುತ್ತೆ ಎಂದೆ. ಅದರಲ್ಲಿ ಸುಳ್ಳೇನಿದೆ, ಕೈ ಮಾಡಿದ್ದು ನಿಜ. ಹೀಗೆ ಐದು ದಿನದಿಂದ ನನಗೆ ನಾನೇ ವಕೀಲನಾಗಿದ್ದೇನೆ.

ನಾನು ಗಂಟೆ ತುಂಬಿಸಿದೆ. ಗಂಟೆಯೊಳಗೆ ಏನಿರುತ್ತದೆ ಎಂದು ಯೋಚಿಸಲಿಲ್ಲ. ಹತ್ತಾದರೆ ಸಾಕು, ಪಟ್ಟಿ ಉಳಿಯುತ್ತದೆ, ಇಂಜೆಕ್ಷನ್ ಸಿಗುತ್ತದೆ ಎಂದುಕೊಂಡೆ. ಆವತ್ತು ಪರದೆಯ ಮೇಲೆ ಆ ಗುಡ್ಡ ಕಂಡಾಗಲೇ ಗೊತ್ತಾದದ್ದು, ಅಲ್ಲಿ ಕುಣಿಯುತ್ತಿರುವುದು ನನ್ನ ಕೈ ಎಂದು. ಆಗಲೂ ಬಾಯಿ ಬಿಡಬಹುದಿತ್ತು. ಬಿಟ್ಟರೆ ಅಕ್ಕನ ಹೆಸರನ್ನೇ ಹೊಡೆದುಹಾಕುತ್ತಾರೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ ಅಷ್ಟು ಜನರ ನಡುವೆ ನಾಚಿಕೆಯಾಯಿತು.

ಇವತ್ತು ನರ್ಸಮ್ಮನಿಗೆ ಫೋನು ಮಾಡಿದೆ. ಎತ್ತಿದರು. ಅಕ್ಕನ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ ಇಟ್ಟೆ.

ಮಾರ್ಚ್ 24

ಬೆಳಿಗ್ಗೆ ಆರಕ್ಕೆ ಎದ್ದಳು. ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಏಳೂವರೆಯವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ನೀರು ಎರಡು ಸಲ ಬದಲಾಯಿಸಿದೆ. ಏಳೂಮುಕ್ಕಾಲಿಗೆ ಲೋಟ ಹಿಡಿದಳು, ಎರಡೂ ಅಂಗೈ ನಡುವೆ, ಬೆರಳು ತಾಗಿಸದೆ. ರವಿಕೆಯ ಮೇಲಿನ ಎರಡು ಕೊಕ್ಕೆ ಹಾಕಿಕೊಂಡಳು, ಮೂರನೆಯದಕ್ಕೆ ನನ್ನನ್ನು ಕರೆದಳು. ಹತ್ತಕ್ಕೆ ಸೀಮೆಸುಣ್ಣ ಕೈಯಿಂದ ಬಿತ್ತು. ಹತ್ತೂಕಾಲಿಗೆ ಮತ್ತೆ. ಮಧ್ಯಾಹ್ನ ಬಾಗಿಲ ಚಿಲಕವನ್ನು ಅಂಗೈಯಿಂದ ತಳ್ಳಿದಳು. ಬಲ ಮಣಿಕಟ್ಟಿನ ಹೊರಮಗ್ಗುಲಲ್ಲಿ ಗೋಲಿಯಷ್ಟು ಊತ, ಮುಟ್ಟಿದರೆ ಬಿಸಿ. ಸಂಜೆ ಕಾಜಕ್ಕೆ ಕೂತಳು, ಐದು ಹೊಲಿಗೆ ಹಾಕಿ ಎದ್ದಳು.

ಏಪ್ರಿಲ್ 3

ಬಿಸಿನೀರು ಎರಡು ಗಂಟೆ. ಕೊಕ್ಕೆ ಐದೂ ನಾನೇ ಹಾಕಿದೆ. ವಕೀಲರು ಎರಡನೆಯ ಕೋಟು ಹೊಲಿಸಲು ಬಂದಿದ್ದರು, ಬೇರೆ ಕಡೆ ಕೊಡಿ ಎಂದೆ. ಅಕ್ಕ ಒಳಗಿನಿಂದ ಕೇಳಿಸಿಕೊಂಡಳು.

ಏಪ್ರಿಲ್ 10

ಬೆಳಿಗ್ಗೆ ಅಕ್ಕ ಸ್ಟೂಲಿನ ಮೇಲೆ ಕೂತು ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು. ನೋವಿಲ್ಲ ಎಂದಳು. ಉಂಗುರದ ಬೆರಳು ಮತ್ತು ಕಿರುಬೆರಳು ಬಾಗಿ ನೇತಾಡುತ್ತಿದ್ದವು. ಎಡಗೈಯಿಂದ ಎತ್ತಿದರೆ ಏಳುತ್ತವೆ, ಬಿಟ್ಟರೆ ಬೀಳುತ್ತವೆ. “ಮರಿ, ಎತ್ತು ಅಂತೀನಿ, ಕೇಳ್ತಿಲ್ಲ ಇವು” ಎಂದಳು.

ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ಕೋಣೆಗೆ ಅಕ್ಕನನ್ನು ಕರೆದುಕೊಂಡು ಹೋದ ಮೇಲೆ ಡಾಕ್ಟರು ನನಗೆ ಹೇಳಿದರು. ಬೆರಳನ್ನು ಎತ್ತುವ ಹುರಿಗಳು ಮಣಿಕಟ್ಟಿನ ಮೇಲೆ ಹಾದುಹೋಗುತ್ತವೆ. ಊತ ಇಳಿಯದೆ ಉಳಿದು ಕೆಳಗಿನ ಮೂಳೆಯ ಅಂಚು ಒರಟಾಗಿದೆ. ಉಜ್ಜಿ ಉಜ್ಜಿ ಎರಡು ಹುರಿ ತುಂಡಾಗಿವೆ. ಅಂಚು ಒರಟಾದ ಸೂಜಿಕಣ್ಣಿನಲ್ಲಿ ದಾರ ಹೇಗೆ ಎಳೆ ಎಳೆಯಾಗಿ ಸವೆದು ಹೋಗುತ್ತದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಊತ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಅಷ್ಟು ಕೆಲಸ ಹೇಗೆ ಮಾಡಿದರೋ ಎಂದು ಡಾಕ್ಟರು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ಮಾಡಿದ್ದು ಅವಳಲ್ಲ, ನಾನು ಎಂದೆ.

ಅವರಿಗೆ ತಿಳಿಯಲಿಲ್ಲ. ಎಲ್ಲ ಹೇಳಿದೆ. ಡಬ್ಬಿ, ಸಂದೇಶ, ನೀಲಿಯಾದ ಬೆರಳು, ನನ್ನ ಮಣಿಕಟ್ಟು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ದಿನ?”

“ಆರು ವಾರ. ಮಧ್ಯಾಹ್ನದ ಹೊತ್ತು.”

“ನಾನು ನಿಮ್ಮನ್ನ ಕೇಳಿದ್ದೆ.”

“ಕೇಳಿದ್ರಿ.”

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಪಟ್ಟಿ ಕಚ್ಚುತ್ತದೆ, ಬೆರಳು ನೀಲಿಯಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ಅಷ್ಟೇ ಸಾಕಿತ್ತು, ಅದೇ ತಮಗೆ ಬೇಕಿದ್ದ ಸುದ್ದಿ ಎಂದರು. ಆವತ್ತೇ ಇಂಜೆಕ್ಷನ್ ಶುರುವಾಗಿದ್ದರೆ ಹುರಿ ಉಳಿಯುತ್ತಿತ್ತಾ ಎಂದು ಕೇಳಿದೆ.

“ಗೊತ್ತಿಲ್ಲ. ಉಳಿದಿದ್ದರೂ ಉಳಿದಿರಬಹುದು.”

ಅಕ್ಕ ಎಕ್ಸ್‌ರೇ ಮುಗಿಸಿ ಬಂದಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಏಪ್ರಿಲ್ 12

ಎರಡು ದಿನ ಬಾಯಿಗೆ ಬಂದದ್ದನ್ನು ನುಂಗಿದೆ. ಇವತ್ತು ಚಹಾ ಕುಡಿಸುವಾಗ ಅಕ್ಕನಿಗೆ ಹೇಳಿದೆ.

ಅವಳು ಲೋಟದಿಂದ ಬಾಯಿ ತೆಗೆದು, “ಗೊತ್ತು” ಎಂದಳು.

ಯಾವಾಗಿನಿಂದ ಎಂದು ಕೇಳಿದೆ. ಮೊದಲ ವಾರದಿಂದ ಎಂದಳು. ತಾನು ಪಟ್ಟಿ ಹಾಕಿಕೊಳ್ಳುವುದು ಮೂರನೆಯ ತೂತಿಗೆ, ರಬ್ಬರಿನ ಮೇಲೆ ಮಡಿಕೆ ಬಿದ್ದದ್ದು ಆರನೆಯ ತೂತಿನ ಹತ್ತಿರ. “ಬಟ್ಟೆ ನೋಡಿ ಅದು ಯಾರ ಮೈ ಮೇಲಿತ್ತು ಅಂತ ಹೇಳೋದೇ ನನ್ನ ಕೆಲಸ ಅಲ್ವೇನೋ” ಎಂದಳು.

ಹಾಗಾದರೆ ಡಾಕ್ಟರ ಮುಂದೆ ಯಾಕೆ ಸುಮ್ಮನಿದ್ದೆ ಎಂದು ನಾನು ಸಿಟ್ಟಾದೆ. ತಪ್ಪು ಮಾಡಿದವನು ನಾನು, ಸಿಟ್ಟೂ ನನಗೇ. ಅವಳು ಕಿಟಕಿಯ ಹೊರಗೆ ನೋಡಿದಳು. ಎದುರುಗಡೆ ಮುಳ್ಳಣ್ಣ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದರು.

“ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ಅಷ್ಟು ಜನರ ಮುಂದೆ.”

“ಮಾನ ತಗೊಂಡು ಏನ್ಮಾಡ್ಲಿ ಅಕ್ಕ?”

“ಅಮ್ಮ ಕೊನೇ ವರ್ಷ ನರಳ್ತಿದ್ಲಲ್ಲ, ಹಗಲೂ ರಾತ್ರೀನೂ. ನೀನು ಕಿವಿ ಮುಚ್ಕೊಂಡು ಬೀದಿಗೆ ಓಡ್ತಿದ್ದೆ. ಕತ್ತಲಾದ್ರೂ ಬರ್ತಿರಲಿಲ್ಲ. ನಾನು ಹುಡುಕ್ಕೊಂಡು ಬರ್ತಿದ್ದೆ.” ನನ್ನ ಕಡೆ ತಿರುಗಿ, “ನಾನೂ ನರಳೋಕೆ ಶುರು ಮಾಡಿದ್ರೆ ಈ ವಯಸ್ಸಲ್ಲಿ ನೀನು ಎಲ್ಲಿಗಂತ ಓಡ್ತೀಯ? ಹುಡುಕೋಕೆ ನನಗೂ ಕಾಲಿಲ್ಲ” ಎಂದಳು.

ನಕ್ಕಳು. ನಾನು ನಗಲಿಲ್ಲ. ಅಮ್ಮ ನರಳುತ್ತಿದ್ದದ್ದು ನನಗೆ ನೆನಪಿದೆ, ನಾನು ಓಡುತ್ತಿದ್ದದ್ದು ನೆನಪಿರಲಿಲ್ಲ.

ನೋವು ನಿಜವಾಗಿ ಎಷ್ಟಿತ್ತು ಎಂದು ಕೇಳಿದೆ, ದಿನಾ ಎರಡು ಎಂದದ್ದು. ಅವಳು ಚಹಾ ಆರುತ್ತಿದೆ, ಕುಡಿಸು ಎಂದಳು.

ಏಪ್ರಿಲ್ 20

ಆಪರೇಶನ್ ಆಯಿತು. ತುಂಡಾದ ಹುರಿಗಳನ್ನು ಪಕ್ಕದ ಬೆರಳಿನ ಹುರಿಗೆ ಸೇರಿಸಿ ಹೊಲಿದಿದ್ದಾರೆ. ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದಾಗ ಅಕ್ಕ ಅದನ್ನು ಹತ್ತಿರ ಹಿಡಿದು ನೋಡಿ, ಯಾವ ದಾರ ಹಾಕಿದಿರಿ ಎಂದು ಕೇಳಿದಳು. ಹೆಸರು ಹೇಳಿದರು. ಗಟ್ಟಿಯಾ ಎಂದಳು. ಗಟ್ಟಿ ಎಂದರು.

ಗಾಯ ಮಾಗಿದ ಮೇಲೆ ಇಂಜೆಕ್ಷನ್ ಶುರು ಮಾಡುತ್ತಾರೆ. ಕೈಗೆ ಪಟ್ಟಿ ಕಟ್ಟಿದವರ ಸಾಲಿನಿಂದ ಅಕ್ಕನ ಹೆಸರು ತೆಗೆದರು. ನಮ್ಮ ಎಂಟು ವಾರದ ಗೆರೆಗಳನ್ನೂ ಅಳಿಸಿದರಂತೆ. ಡಾಕ್ಟರು ಬೇರೆ ದಾರಿಯಿಂದ ಬರೆದು ಇಂಜೆಕ್ಷನ್ ಕೊಡಿಸುತ್ತಿದ್ದಾರೆ. ನಾನು ಕೈ ಮುಗಿದೆ. ಅವರು ತಲೆಯಾಡಿಸಿದರು, ಮುಖ ಕೊಟ್ಟು ನೋಡಲಿಲ್ಲ.

ಮೇ 5

ಬೆಳಿಗ್ಗೆ ಎಡಗೈಯ ಬಿಗಿತ ಒಂದು ಗಂಟೆ ಇಪ್ಪತ್ತು ನಿಮಿಷ. ಬಲಗೈಗೆ ಇನ್ನೂ ಆಪರೇಶನ್ನಿನ ಕಟ್ಟು. ನಿನ್ನೆ ಇಂಜೆಕ್ಷನ್ ಶುರುವಾಯಿತು, ಹೊಟ್ಟೆಯ ಚರ್ಮಕ್ಕೆ. ಹಲ್ಲುಜ್ಜಿಸಿದೆ, ಮುಖ ತೊಳೆಸಿದೆ, ತಲೆ ಬಾಚಿದೆ. ಜಡೆ ಹೆಣೆಯುವುದು ನಾನು ಎಣಿಸಿದಷ್ಟು ಸುಲಭವಿಲ್ಲ. ಮೂರು ಎಳೆಯೂ ಒಂದೇ ಬಿಗಿಯಲ್ಲಿ ಬರಬೇಕು. ಎಡದ ಎಳೆ ಎಳೆದರೆ ಅವಳ ಕತ್ತು ನೋಯುತ್ತದೆ, ಅವಳು ಹೇಳುವುದಿಲ್ಲ, ಕಿವಿಯ ಹಿಂದಿನ ಚರ್ಮ ಬಿಗಿಯುತ್ತದೆ, ಅದನ್ನು ನೋಡಿಕೊಂಡು ಸಡಿಲ ಬಿಡಬೇಕು. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದಳು. ನಿದ್ದೆಯಲ್ಲಿ ಎರಡು ಸಲ ಕೈ ಎಳೆದುಕೊಂಡಳು.

ಅಂಗಡಿ ಎಷ್ಟು ದಿನದಿಂದ ಮುಚ್ಚಿದೆ ಎಂದು ಮುಳ್ಳಣ್ಣ ಕೇಳಿದರು. ಎಣಿಸಿಲ್ಲ ಎಂದೆ.

ಜೂನ್ 14

ಕಟ್ಟು ಬಿಚ್ಚಿ ಎರಡು ವಾರ. ಉಂಗುರದ ಬೆರಳು ಅರ್ಧ ಏಳುತ್ತದೆ. ಕಿರುಬೆರಳು ಏಳುವುದಿಲ್ಲ. ಇಂಜೆಕ್ಷನ್ ಹಿಡಿಯುತ್ತಿದೆ, ಉಳಿದ ಗಂಟುಗಳ ಬಿಸಿ ಇಳಿದಿದೆ, ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಲೋಟ ಹಿಡಿಯುತ್ತಾಳೆ. ನಿನ್ನೆ ಡಾಕ್ಟರು, ಇದ್ದದ್ದನ್ನು ಉಳಿಸಿಕೊಳ್ಳೋಣ, ಭಾರದ ಕತ್ತರಿ ಮತ್ತು ಸೂಜಿ ಇನ್ನು ಬೇಡ ಎಂದರು. ಅಕ್ಕ ಆಯ್ತು ಎಂದಳು.

ಇವತ್ತು ಬೆಳಿಗ್ಗೆ ತಲೆ ಬಾಚಲು ಕೂರಿಸಿದಾಗ, ಸಾಕು ಇದು, ಹೆಗಲವರೆಗೆ ಕತ್ತರಿಸಿಬಿಡು ಎಂದಳು. ಸೊಂಟ ಮುಟ್ಟುವ ಕೂದಲು, ಅರ್ಧ ನರೆತರೂ ದಪ್ಪ. ನನಗೆ ಬಾಚಲು ಬೇಸರವಿಲ್ಲ ಎಂದೆ. ತಾನಾಗಿ ಬಾಚಿಕೊಳ್ಳುವಷ್ಟು ಮಾಡಿಕೊಡು ಎಂದಳು. ದಾರ ಕತ್ತರಿಸುವ ಚಿಕ್ಕ ಕತ್ತರಿ ತಂದೆ.

“ಅದಲ್ಲ. ದೊಡ್ಡದು ತಾ.”

ದೊಡ್ಡ ಕತ್ತರಿ ಅವಳದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಂಡದ್ದು. ಹಿಡಿಯನ್ನು ಅವಳ ಹೆಬ್ಬೆರಳಿಗೆ ಸರಿಯಾಗಿ ಉಜ್ಜಿಸಿ, ಬಟ್ಟೆ ಸುತ್ತಿ, ಅದು ಬೇರೆಯವರ ಕೈಗೆ ಒಗ್ಗದ ಹಾಗೆ ಆಗಿದೆ. ಬಟ್ಟೆಯ ಕತ್ತರಿಗೆ ಬಟ್ಟೆಯ ಹೊರತು ಇನ್ನೇನೂ ತಾಗಬಾರದು, ಅಲಗು ಹೋಗುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ನಾನು ಗಾಳಿಪಟಕ್ಕೆಂದು ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಇಷ್ಟು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಎಣ್ಣೆ ಹಾಕಲು ಮಾತ್ರ.

ತಂದು ಹಿಡಿದುಕೊಂಡು ನಿಂತೆ.

“ಕೂದಲು ತಾಗಿದ್ರೆ ಹೋಯ್ತು ಅಕ್ಕ. ಮತ್ತೆ ಬಟ್ಟೆಗೆ ಬರಲ್ಲ.”

“ಗೊತ್ತು ಮರಿ. ನಿನ್ನ ಕೈಗೆ ಇದು ಒಗ್ಗಲ್ಲ. ನಿನಗೆ ಹೊಸದು ತಗೋ.”

ಅವಳ ಬೆನ್ನಿಗೆ ಹಳೆಯ ಅಸ್ತರಿನ ಬಟ್ಟೆ ಹೊದಿಸಿ, ಕೂದಲನ್ನು ಹೆಗಲ ಹತ್ತಿರ ಎಡಗೈಯಲ್ಲಿ ಹಿಡಿದೆ. ನನ್ನ ಹೆಬ್ಬೆರಳು ಹಿಡಿಯೊಳಗೆ ಪೂರ್ತಿ ಹೋಗಲಿಲ್ಲ. ಮೊದಲ ಸಲ ಮುಚ್ಚಿದಾಗ ಬಟ್ಟೆ ಕತ್ತರಿಸುವಾಗ ಬರುವ ಸದ್ದು ಬರಲಿಲ್ಲ. ಮರಳು ತುಳಿದ ಹಾಗಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು ಕೂತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಎದುರಿಗಿದ್ದದ್ದು ಕಾಣದಾಯಿತು, ಕೈ ನಿಂತಿತು.

“ನಿಲ್ಲಿಸಬೇಡ” ಎಂದಳು. “ನಡುವೆ ನಿಲ್ಲಿಸಿದ್ರೆ ಅಂಚು ವಕ್ರ ಆಗುತ್ತೆ.”